‘ಯಾವ ಷೇರು ಕೊಳ್ಳಲಿ?’ ಎಂದು ಕೇಳುವ ಮುನ್ನ

(ಬೆಂಗಳೂರಿನ ಓದುಗರ ಬಳಗವೊಂದರಲ್ಲಿ ಹೂಡಿಕೆಯ ಹೊಸಬರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳನ್ನೂ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ಪ್ರೀತಿಯಿಂದ ನನ್ನನ್ನು ‘ಷೇರು ತಜ್ಞರು’ ಎಂದರು. ಅದನ್ನು ಮೊದಲೇ ತಿದ್ದಿಬಿಡುತ್ತೇನೆ. ನಾನು ಬ್ರೋಕರ್ ಕಚೇರಿಯೊಂದರಲ್ಲಿ ಫೋನ್ ಎತ್ತುವ ಡೀಲರ್ ಆಗಿ ಸೇರಿದವನು. ಆಮೇಲೆ ಬ್ಯಾಕ್ ಆಫೀಸಿನಲ್ಲಿ ಲೆಕ್ಕ ತಾಳೆ ನೋಡುತ್ತಾ ನಿವೃತ್ತನಾದವನು. ನಾಳೆ ಯಾವ ಷೇರು ಏರುತ್ತದೆ ಎಂಬುದು ನನಗೆ ಗೊತ್ತಿಲ್ಲ. ಆದರೆ ಜನ ಏನು ಕೇಳುತ್ತಾರೆ, ಯಾರನ್ನು ಕೇಳುತ್ತಾರೆ, ಹಾಗೆ ಕೇಳಿಕೊಂಡು ಬಂದ ಮೇಲೆ ಅವರ ಖಾತೆಯಲ್ಲಿ ಏನಾಗುತ್ತದೆ ಎಂಬುದನ್ನು ತೀರಾ ಹತ್ತಿರದಿಂದ ನೋಡಿದ್ದೇನೆ. ಇವತ್ತಿನ ಮಾತು ಅಷ್ಟರ ಮಟ್ಟಿಗಿನದು.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಷೇರು ಪೇಟೆಯಲ್ಲಿ ನಾವು ಗುರುವನ್ನು ಹುಡುಕುತ್ತೇವೆ ಎಂದುಕೊಂಡಿರುತ್ತೇವೆ. ನಿಜದಲ್ಲಿ ನಮ್ಮ ಪ್ರಶ್ನೆಯೇ ಗುರುವನ್ನು ಕರೆತರುತ್ತದೆ. ‘ಯಾವುದನ್ನು ಕೊಳ್ಳಲಿ?’ ಎಂದು ಕೇಳಿದರೆ ಮಾರುವವನು ಬರುತ್ತಾನೆ. ‘ಇದು ಹೇಗೆ ನಡೆಯುತ್ತದೆ, ಕೈತಪ್ಪಿದರೆ ನನಗೆ ಎಷ್ಟು ಹೋಗುತ್ತದೆ?’ ಎಂದು ಕೇಳಿದರೆ ಮಾರುವವನಿಗೆ ಆಸಕ್ತಿ ಕಡಿಮೆಯಾಗುತ್ತದೆ, ಕಲಿಸುವವನು ಮಾತ್ರ ಉಳಿಯುತ್ತಾನೆ.

ಇದು ಮೊಬೈಲ್ ಕಾಲದ ರೋಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಂಗಳೂರಿಗೆ ತನ್ನದೇ ಷೇರು ವಿನಿಮಯ ಕೇಂದ್ರವಿತ್ತು ಎಂಬುದು ಇಲ್ಲಿರುವ ಎಳೆಯರಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. 1963ರಲ್ಲಿ ಹುಟ್ಟಿ, ಜೆ.ಸಿ. ರಸ್ತೆಯಲ್ಲಿ ಸ್ವಂತ ಕಟ್ಟಡ ಕಂಡು, ಮುಂಬೈಯ ಕಂಪ್ಯೂಟರ್ ಪರದೆಯ ವಹಿವಾಟಿನ ಎದುರು ನಿಲ್ಲಲಾರದೆ ಸೊರಗಿ, 2014ರಲ್ಲಿ ಅಧಿಕೃತವಾಗಿ ಬಾಗಿಲು ಹಾಕಿತು. ಆ ಕಾಲದಲ್ಲೂ ಬ್ರೋಕರ್ ಕಚೇರಿಗಳ ಹೊರಗೆ ಚಹಾದ ಲೋಟ ಹಿಡಿದು ನಿಂತವರ ಪಿಸುಮಾತು ಒಂದೇ: ‘ಆಪರೇಟರ್ ಕೈ ಹಾಕಿದ್ದಾನೆ, ಒಳಗಿನ ಸುದ್ದಿ.’ ಆಪರೇಟರ್ ಎಂದರೆ ಷೇರಿನ ಬೆಲೆಯನ್ನು ಬೇಕೆಂದೇ ಏರಿಸಿ ಇಳಿಸುವವನು. ಅಂದು ಮೆಟ್ಟಿಲ ಮೇಲೆ ಸಿಗುತ್ತಿದ್ದ ಟಿಪ್ಸ್ ಇಂದು ಟೆಲಿಗ್ರಾಂ ಗುಂಪಿನಲ್ಲಿ ಸಿಗುತ್ತದೆ, ಅಷ್ಟೇ. ಒಂದು ವ್ಯತ್ಯಾಸವಿದೆ. ಮೆಟ್ಟಿಲ ಮೇಲಿನವನು ಮರುದಿನವೂ ಅಲ್ಲೇ ನಿಂತಿರುತ್ತಿದ್ದ, ಹಿಡಿದು ಕೇಳಬಹುದಿತ್ತು.

ಟಿಪ್ಸ್ ಕೊಡುವವನು ಸುಳ್ಳುಗಾರನೇ ಆಗಿರಬೇಕೆಂದಿಲ್ಲ. ನಿಮ್ಮ ಭಾವನೋ ಸಹೋದ್ಯೋಗಿಯೋ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ಮೆಜೆಸ್ಟಿಕ್‌ನಲ್ಲಿ ನಿಂತು, ಹೋಗಬೇಕಾದ ಊರು ಹೇಳದೆ ‘ಯಾವ ಬಸ್ ಒಳ್ಳೆಯದು?’ ಎಂದು ಕೇಳಿದರೆ ಏನು ಉತ್ತರ ಸಿಕ್ಕೀತು? ಮುಂದಿನ ವರ್ಷ ಮಗಳ ಕಾಲೇಜು ಶುಲ್ಕ ಕಟ್ಟಬೇಕಾದವರಿಗೂ, ಇನ್ನು ಇಪ್ಪತ್ತೈದು ವರ್ಷ ಆ ಹಣವನ್ನು ಮುಟ್ಟದವರಿಗೂ ಒಂದೇ ಷೇರು ಒಳ್ಳೆಯದಾಗಿರಲು ಸಾಧ್ಯವಿಲ್ಲ. ಜೊತೆಗೆ, ಕೊಳ್ಳಲು ಹೇಳಿದ ಭಾವ ಮಾರಲು ಹೇಳುವುದಿಲ್ಲ. ಅವನು ತನ್ನ ಪಾಲಿನದನ್ನು ಮಾರಿಕೊಂಡು ಹೊರಬಿದ್ದ ವಿಷಯ ನಿಮಗೆ ಗೊತ್ತಾಗುವುದು ಮುಂದಿನ ಹಬ್ಬಕ್ಕೆ ಎಲ್ಲರೂ ಸೇರಿದಾಗ.

ಇನ್ನು ಹಣ ತೆಗೆದುಕೊಂಡು ಕಲಿಸುವವರ ವಿಷಯ. 2023ರ ಅಕ್ಟೋಬರ್‌ನಲ್ಲಿ ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಒಂದು ಮಧ್ಯಂತರ ಆದೇಶ ಹೊರಡಿಸಿತು. ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಹೆಸರು ಮಾಡಿ, ಷೇರು ಬೆಲೆಗಳ ಏರಿಳಿತದ ಚಾರ್ಟ್ ಓದುವ ಕೋರ್ಸ್‌ಗಳನ್ನು ಮಾರುತ್ತಿದ್ದವರೊಬ್ಬರ ಮೇಲಿನ ಆದೇಶ ಅದು. ಶಿಕ್ಷಣದ ಹೆಸರಿನಲ್ಲಿ ಇದನ್ನು ಕೊಳ್ಳಿ, ಅದನ್ನು ಮಾರಿ ಎಂಬ ಸಲಹೆಗಳನ್ನೇ ನೋಂದಣಿಯಿಲ್ಲದೆ ಮಾರಲಾಗುತ್ತಿತ್ತು ಎಂಬುದು ಸೆಬಿಯ ಆರೋಪ. ಕೋರ್ಸ್‌ಗಳಿಂದ ಬಂದ ಸುಮಾರು ₹17 ಕೋಟಿಯನ್ನು ಪ್ರತ್ಯೇಕ ಖಾತೆಯಲ್ಲಿಡಲು ಅದು ಹೇಳಿತು. ನನ್ನ ಕಣ್ಣು ನಿಂತದ್ದು ಆದೇಶದ ಇನ್ನೊಂದು ಕಡೆ. ಜನರಿಗೆ ಲಾಭದ ಕಥೆ ಹೇಳುತ್ತಿದ್ದ ಆ ವ್ಯಕ್ತಿಯ ಸ್ವಂತ ವಹಿವಾಟಿನಲ್ಲಿ ಸುಮಾರು ಎರಡೂವರೆ ವರ್ಷಗಳಲ್ಲಿ ₹2.89 ಕೋಟಿ ನಿವ್ವಳ ನಷ್ಟವಾಗಿತ್ತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಶುಲ್ಕ ಕಟ್ಟಿದವರಲ್ಲಿ ಒಬ್ಬರಾದರೂ ‘ಸರ್, ನಿಮ್ಮ ಕಳೆದ ಎರಡು ವರ್ಷದ ಲಾಭ–ನಷ್ಟದ ವರದಿ ತೋರಿಸುತ್ತೀರಾ?’ ಎಂದು ಕೇಳಿದ್ದರೋ ಇಲ್ಲವೋ. ಹಾಗೆ ಕೇಳುವುದು ಅಸಭ್ಯತೆಯಲ್ಲ. ದುಡ್ಡು ಕೊಟ್ಟು ಕಲಿಯಲು ಹೊರಟವರು ಕೇಳಲೇಬೇಕಾದದ್ದು. ಸ್ಕ್ರೀನ್‌ಶಾಟ್ ತೋರಿಸಿದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಹತ್ತು ವಹಿವಾಟಿನಲ್ಲಿ ಗೆದ್ದ ಒಂದರ ಚಿತ್ರ ಹಾಕಿ ಸೋತ ಒಂಬತ್ತನ್ನು ಮುಚ್ಚಿಡಲು ಯಾವ ಜಾಣ್ಮೆಯೂ ಬೇಕಾಗಿಲ್ಲ.

2025ರ ಜನವರಿಯಲ್ಲಿ ಸೆಬಿ ಇನ್ನೊಂದು ಗೆರೆ ಎಳೆಯಿತು. ತಾನು ಶಿಕ್ಷಣವನ್ನಷ್ಟೇ ಕೊಡುತ್ತಿದ್ದೇನೆ ಎನ್ನುವವನು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಿಕೊಂಡು ಷೇರಿನ ಹೆಸರು ಹೇಳಿ ಮುಂದಿನ ಬೆಲೆಯನ್ನಾಗಲಿ ಸಲಹೆಯನ್ನಾಗಲಿ ಸೂಚಿಸುವಂತಿಲ್ಲ ಎಂದು ಆಗ ಹೇಳಿತು. ಕಾನೂನಿನ ಸೂಕ್ಷ್ಮಗಳು ಹಾಗಿರಲಿ, ವಿದ್ಯಾರ್ಥಿಗೆ ಇದು ಒಳ್ಳೆಯ ಒರೆಗಲ್ಲು. ನಿಮ್ಮ ಮೇಷ್ಟ್ರು ಹಳೆಯ ಚಾರ್ಟ್ ಇಟ್ಟುಕೊಂಡು ಪಾಠ ಮಾಡಲು ತಡವರಿಸಿ, ಇವತ್ತು ಬೆಳಿಗ್ಗೆಯ ಬೆಲೆಯಿಲ್ಲದೆ ಬಾಯಿ ಬಿಡುವುದಿಲ್ಲ ಎಂದಾದರೆ ಅಲ್ಲಿ ನಡೆಯುತ್ತಿರುವುದು ಪಾಠವಲ್ಲ.

ಹಾಗಾದರೆ ಯಾರನ್ನು ಕೇಳುವುದು? ಈ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ: ಎದುರಿಗಿರುವವರ ಹೊಟ್ಟೆಪಾಡು ಯಾವುದರಿಂದ ನಡೆಯುತ್ತದೆ? ಮ್ಯೂಚುವಲ್ ಫಂಡ್ ಮಾರುವ ವಿತರಕರಿಗೆ ಎಆರ್‌ಎನ್ ಎಂಬ ಸಂಖ್ಯೆ ಇರುತ್ತದೆ. ಅವರಿಗೆ ಹಣ ಬರುವುದು ಫಂಡ್ ಕಂಪನಿಯ ಕಮಿಷನ್‌ನಿಂದ. ರಿಸರ್ಚ್ ಅನಾಲಿಸ್ಟ್ ಎಂದು ಸೆಬಿಯಲ್ಲಿ ನೋಂದಾಯಿಸಿದವರ ಸಂಖ್ಯೆ ಐಎನ್‌ಎಚ್ ಎಂದು ಶುರುವಾಗುತ್ತದೆ. ಅವರು ಒಂದು ಷೇರಿನ ಬಗ್ಗೆ ಎಲ್ಲರಿಗೂ ಒಂದೇ ಅಭಿಪ್ರಾಯ ಕೊಡುತ್ತಾರೆ, ನಿಮ್ಮ ಮನೆಯ ಸಾಲ ಎಷ್ಟಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಹೂಡಿಕೆ ಸಲಹೆಗಾರರ ಸಂಖ್ಯೆ ಐಎನ್‌ಎ ಎಂದು ಆರಂಭವಾಗುತ್ತದೆ. ಇವರು ನಿಮ್ಮಿಂದ ಶುಲ್ಕ ಪಡೆದು, ನಿಮ್ಮ ಆದಾಯ, ಸಾಲ, ನಷ್ಟ ತಾಳುವ ಶಕ್ತಿ ನೋಡಿ ಸಲಹೆ ಕೊಡಬೇಕಾದವರು. ಮೂವರಲ್ಲಿ ಯಾರೂ ಇಷ್ಟು ಲಾಭ ಗ್ಯಾರಂಟಿ ಎಂದು ಹೇಳುವಂತಿಲ್ಲ. ಐಎನ್‌ಎಚ್, ಐಎನ್‌ಎ ಸಂಖ್ಯೆಗಳನ್ನು ಸೆಬಿ ಜಾಲತಾಣದಲ್ಲಿ, ಎಆರ್‌ಎನ್ ಅನ್ನು ಮ್ಯೂಚುವಲ್ ಫಂಡ್‌ಗಳ ಸಂಘವಾದ ಆಂಫಿಯ ಜಾಲತಾಣದಲ್ಲಿ ಹಾಕಿ ನೋಡಿದರೆ ಹೆಸರು ಸಿಗುತ್ತದೆ. ಇನ್ನೊಬ್ಬರ ಸಂಖ್ಯೆಯನ್ನು ತನ್ನದೆಂದು ಹಾಕಿಕೊಳ್ಳುವ ಮಹಾಶಯರೂ ಇರುವುದರಿಂದ ಹೆಸರು, ವಿಳಾಸ, ಇಮೇಲ್ ಎಲ್ಲವನ್ನೂ ತಾಳೆ ನೋಡಿ.

ಇದರಿಂದ ಎಷ್ಟು ವ್ಯತ್ಯಾಸವಾದೀತು ಎಂದು ಕೇಳುತ್ತೀರಿ. ಬ್ಯಾಂಕಿನಲ್ಲಿ ನಿಮ್ಮನ್ನು ಕೂರಿಸಿ ಕಾಫಿ ಕೊಟ್ಟು ಫಂಡ್ ಮಾರುವವರನ್ನು ‘ಇದರಲ್ಲಿ ನಿಮ್ಮ ಬ್ಯಾಂಕಿಗೆ ಪ್ರತಿ ವರ್ಷ ಎಷ್ಟು ಬರುತ್ತದೆ?’ ಎಂದು ನಗುತ್ತಲೇ ಕೇಳಿ. 2013ರ ಜನವರಿಯಿಂದ ಪ್ರತಿ ಫಂಡ್‌ಗೂ ಕಮಿಷನ್ ಇಲ್ಲದ ‘ಡೈರೆಕ್ಟ್’ ಎಂಬ ರೂಪ ಇದೆ. ಅದಕ್ಕೂ ವಿತರಕರ ಮೂಲಕ ಕೊಳ್ಳುವ ‘ರೆಗ್ಯುಲರ್’ಗೂ ವೆಚ್ಚದಲ್ಲಿ ವರ್ಷಕ್ಕೆ ನೂರಕ್ಕೆ ಒಂದು ರೂಪಾಯಿ ಅಂತರವಿದೆ ಎಂದಿಟ್ಟುಕೊಳ್ಳೋಣ. ಹತ್ತು ಲಕ್ಷ ರೂಪಾಯಿ ಇಪ್ಪತ್ತು ವರ್ಷ ಶೇ 12ರಂತೆ ಬೆಳೆದರೆ ಸುಮಾರು ₹96.5 ಲಕ್ಷವಾಗುತ್ತದೆ, ಶೇ 11ರಂತೆ ಬೆಳೆದರೆ ಸುಮಾರು ₹80.6 ಲಕ್ಷ. ಪೇಟೆ ಶೇ 12 ಕೊಡುತ್ತದೆ ಎಂದು ನಾನು ಹೇಳುತ್ತಿಲ್ಲ, ಲೆಕ್ಕಕ್ಕಾಗಿ ಹಿಡಿದ ಅಂಕಿ ಅದು. ಆ ಒಂದು ರೂಪಾಯಿ ಇಪ್ಪತ್ತು ವರ್ಷದಲ್ಲಿ ಹೆಚ್ಚುಕಡಿಮೆ ಹದಿನಾರು ಲಕ್ಷವಾಗಿ ಕೂತಿದೆ. ವಿತರಕರನ್ನು ದೂರುತ್ತಿಲ್ಲ. ಪೇಟೆ ಬಿದ್ದಾಗ ಗಾಬರಿಯಿಂದ ಎಲ್ಲವನ್ನೂ ಮಾರಹೊರಟವರ ಕೈ ಹಿಡಿದು ನಿಲ್ಲಿಸಿದ ವಿತರಕರನ್ನೂ ನಾನು ಕಂಡಿದ್ದೇನೆ, ಅಂಥವರ ಕಮಿಷನ್ ದುಬಾರಿಯಲ್ಲ. ಎಷ್ಟು ಕೊಡುತ್ತಿದ್ದೇವೆ ಎಂದು ತಿಳಿದು ಕೊಡಿ ಎಂಬುದಷ್ಟೇ ನನ್ನ ಮಾತು.

ಹಣ ಎಲ್ಲಿಂದ ಬರುತ್ತದೆ ಎಂದು ಕೇಳದಿದ್ದುದರ ಬೆಲೆ ಏನೆಂದು ಈ ಊರಿಗೆ ಚೆನ್ನಾಗಿ ಗೊತ್ತಿದೆ. 2019ರ ಜೂನ್‌ನಲ್ಲಿ ಐಎಂಎ ಎಂಬ ಹೂಡಿಕೆ ಸಂಸ್ಥೆ ಕುಸಿದಾಗ ಶಿವಾಜಿನಗರದ ಬೀದಿಯಲ್ಲಿ ಸಾಲುಗಟ್ಟಿ ನಿಂತವರನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಅದು ಷೇರು ಪೇಟೆಯ ವ್ಯವಹಾರವಾಗಿರಲಿಲ್ಲ, ಹೂಡಿಕೆದಾರರನ್ನು ‘ಪಾಲುದಾರರು’ ಎಂದು ಕರೆದ ಯೋಜನೆ. ತಿಂಗಳು ತಿಂಗಳೂ ಹಣ ಬರುತ್ತಿದ್ದುದರಿಂದ ಅದು ಎಲ್ಲಿಂದ ಬರುತ್ತಿದೆ ಎಂದು ಕೇಳುವ ತುರ್ತು ಯಾರಿಗೂ ಬರಲಿಲ್ಲ.

ಈಗ ಪ್ರಶ್ನೆ ಕೇಳುವ ಬಗೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಒಬ್ಬ ಹುಡುಗ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ನನ್ನ ಬಳಿ ಬಂದು ಕೇಳಿದ: ‘ಸರ್, ಈ ಷೇರನ್ನು ₹340ಕ್ಕೆ ಕೊಂಡೆ. ಈಗ ₹270. ಆವರೇಜ್ ಮಾಡಲೋ, ಅಂದರೆ ಇನ್ನಷ್ಟು ಕೊಂಡು ಸರಾಸರಿ ಬೆಲೆ ಇಳಿಸಿಕೊಳ್ಳಲೋ, ಮಾರಲೋ?’ ನಮ್ಮ ದೇಶದಲ್ಲಿ ಪ್ರತಿದಿನ ಅತಿ ಹೆಚ್ಚು ಬಾರಿ ಕೇಳಲಾಗುವ ಷೇರು ಪ್ರಶ್ನೆ ಇದೇ ಇರಬೇಕು. ಇದರಲ್ಲಿ ಎರಡು ಬೆಲೆಗಳಿವೆ, ಕಂಪನಿ ಮಾತ್ರ ಇಲ್ಲ. ₹340 ಎಂಬುದು ಅವನಿಗೆ ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಮುಖ್ಯವಲ್ಲ, ಪೇಟೆಗಂತೂ ಗೊತ್ತೇ ಇಲ್ಲ. ನಾನು ಅವನನ್ನು ತಿರುಗಿ ಕೇಳಿದೆ. ಯಾಕೆ ಕೊಂಡೆಯಪ್ಪಾ? ‘ಬೆಳೆಯುತ್ತಿರುವ ವಲಯ ಎಂದರು.’ ಕಂಪನಿ ಏನು ಮಾಡುತ್ತದೆ? ‘ಬ್ಯಾಟರಿಗೆ ಸಂಬಂಧಿಸಿದ್ದು ಏನೋ.’ ನಿನ್ನ ಉಳಿತಾಯದಲ್ಲಿ ಇದು ಎಷ್ಟು ಪಾಲು? ಮೌನ. ಆಮೇಲೆ ಸಣ್ಣ ದನಿಯಲ್ಲಿ, ‘ಅರ್ಧ.’ ಈ ಹಣ ಯಾವಾಗ ಬೇಕು? ‘ಮುಂದಿನ ವರ್ಷ ಮದುವೆ.’

ಅವನ ನಿಜವಾದ ಪ್ರಶ್ನೆ ಷೇರಿನದ್ದಾಗಿರಲಿಲ್ಲ ಎಂಬುದು ಈಗ ನಿಮಗೂ ಕಾಣುತ್ತಿದೆ. ಒಂದು ವರ್ಷದಲ್ಲಿ ಬೇಕಾದ ಹಣದ ಅರ್ಧವನ್ನು ತನಗೆ ಗೊತ್ತಿಲ್ಲದ ಒಂದೇ ಕಂಪನಿಯಲ್ಲಿ ಇಟ್ಟಿದ್ದಾನೆ. ₹340ರಿಂದ ₹270ಕ್ಕೆ ಬಂದದ್ದು ನೂರಕ್ಕೆ ಇಪ್ಪತ್ತೊಂದರಷ್ಟು ಇಳಿಕೆ; ಮತ್ತೆ ₹340 ಮುಟ್ಟಲು ನೂರಕ್ಕೆ ಇಪ್ಪತ್ತಾರರಷ್ಟು ಏರಬೇಕು. ಅರ್ಧಕ್ಕೆ ಇಳಿದರೆ ದುಪ್ಪಟ್ಟಾಗಬೇಕು. ಮದುವೆಯ ಮುಹೂರ್ತ ಅದಕ್ಕಾಗಿ ಕಾಯುವುದಿಲ್ಲ. ಅವನು ಅದೇ ಪ್ರಶ್ನೆಯನ್ನು ಹೀಗೆ ಕೇಳಿದ್ದರೆ: ‘ನನ್ನ ಉಳಿತಾಯದ ಅರ್ಧ ಈ ಷೇರಿನಲ್ಲಿದೆ, ಒಂದು ವರ್ಷದಲ್ಲಿ ಹಣ ಬೇಕು. ಮಾರಾಟ ಬೆಳೆಯುತ್ತದೆ ಎಂದುಕೊಂಡು ಕೊಂಡಿದ್ದೆ. ಕಳೆದ ಎರಡು ತ್ರೈಮಾಸಿಕಗಳಲ್ಲಿ ಬೆಳೆದಿಲ್ಲ. ನಾನು ಏನನ್ನು ನೋಡಲು ಬಿಟ್ಟಿದ್ದೇನೆ?’ ಇದನ್ನು ಯಾರ ಮುಂದೆ ಇಟ್ಟರೂ ಉತ್ತರ ಸಿಗುತ್ತದೆ. ಎಷ್ಟೋ ಸಲ ಯಾರನ್ನೂ ಕೇಳಬೇಕಾಗುವುದೇ ಇಲ್ಲ, ಬರೆಯುವಾಗಲೇ ಉತ್ತರ ಹೊಳೆದಿರುತ್ತದೆ. ಅದಕ್ಕೇ ನಾನು ಕೊಳ್ಳುವ ದಿನವೇ ಒಂದು ಹಾಳೆಯಲ್ಲಿ ಮೂರು ಸಾಲು ಬರೆದಿಡಿ ಎನ್ನುತ್ತೇನೆ: ಏಕೆ ಕೊಳ್ಳುತ್ತಿದ್ದೇನೆ, ಏನಾದರೆ ನನ್ನ ಎಣಿಕೆ ತಪ್ಪು ಎಂದು ಒಪ್ಪುತ್ತೇನೆ, ಆಗ ಏನು ಮಾಡುತ್ತೇನೆ. ಬೆಲೆ ಬಿದ್ದ ಮೇಲೆ ಬರೆದ ಕಾರಣಗಳೆಲ್ಲ ಸಮಾಧಾನಕ್ಕೆ ಹೇಳಿಕೊಂಡವು.

ಪ್ರಶ್ನೆ ಕೇಳುವುದನ್ನು ಕಲಿಯಲು ಒಂದು ಪುಕ್ಕಟೆ ಶಾಲೆ ಇದೆ, ಹೊಸಬರು ಅದರ ಕಡೆ ತಲೆಯೇ ಹಾಕುವುದಿಲ್ಲ. ಪ್ರತಿ ಮೂರು ತಿಂಗಳಿಗೆ ಫಲಿತಾಂಶ ಬಂದ ಮೇಲೆ ಕಂಪನಿಗಳು ಅನಾಲಿಸ್ಟ್‌ಗಳ ಜೊತೆ ಫೋನಿನಲ್ಲಿ ಮಾತನಾಡುತ್ತವೆ. ಕಾನ್‌ಕಾಲ್ ಎನ್ನುತ್ತಾರೆ. ಹಾಗೆ ಮಾತನಾಡಿದ ಲಿಸ್ಟೆಡ್ (ಷೇರು ಪೇಟೆಯಲ್ಲಿ ವಹಿವಾಟಾಗುವ) ಕಂಪನಿ ಅದರ ಧ್ವನಿಮುದ್ರಣವನ್ನೂ ಬರಹದ ಪ್ರತಿಯನ್ನೂ ಎಲ್ಲರಿಗೂ ಸಿಗುವಂತೆ ಹಾಕಬೇಕು. ಎಕ್ಸ್‌ಚೇಂಜ್‌ನ, ಅಂದರೆ ಷೇರು ವಿನಿಮಯ ಕೇಂದ್ರದ, ಜಾಲತಾಣದಲ್ಲೇ ಸಿಗುತ್ತದೆ. ಅದರ ಮೊದಲ ಭಾಗವನ್ನು, ಅಂದರೆ ಆಡಳಿತ ಮಂಡಳಿಯ ಸ್ವಂತ ಬಣ್ಣನೆಯನ್ನು, ಹಾರಿಸಿದರೂ ನಷ್ಟವಿಲ್ಲ. ನೇರವಾಗಿ ಪ್ರಶ್ನೋತ್ತರಕ್ಕೆ ಹೋಗಿ. ಅಲ್ಲಿ ಯಾರೂ ‘ಷೇರು ಏರುತ್ತದೆಯೇ?’ ಎಂದು ಕೇಳುವುದಿಲ್ಲ. ‘ಮಾರಾಟ ನೂರಕ್ಕೆ ಇಪ್ಪತ್ತು ಹೆಚ್ಚಿದೆ, ಗ್ರಾಹಕರಿಂದ ಬರಬೇಕಾದ ಬಾಕಿ ಮಾತ್ರ ಎರಡು ಪಟ್ಟಾಗಿದೆ, ಏಕೆ?’ ‘ಹೊಸ ಘಟಕ ಕಳೆದ ವರ್ಷವೇ ಶುರುವಾಗಬೇಕಿತ್ತಲ್ಲ?’ ‘ಕಚ್ಚಾವಸ್ತುವಿನ ಬೆಲೆ ಇಳಿದರೂ ಲಾಭದ ಪ್ರಮಾಣ ಏಕೆ ಹೆಚ್ಚಲಿಲ್ಲ?’ ಇಂಥವು. ಮೊದಲನೆಯದನ್ನೇ ನೋಡಿ. ಸರಕು ಕಳಿಸಿ ಬಿಲ್ ಹಾಕಿದರೆ ಪುಸ್ತಕದಲ್ಲಿ ಮಾರಾಟ ದಾಖಲಾಗುತ್ತದೆ, ದುಡ್ಡು ಬರದಿದ್ದರೂ ಲಾಭ ಕಾಣುತ್ತದೆ. ಬಾಕಿ ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದೆ ಎಂದರೆ, ಒಂದೋ ಸಾಲ ಕೊಟ್ಟು ಸರಕು ತಳ್ಳುತ್ತಿದ್ದಾರೆ, ಇಲ್ಲವೇ ಕೊಂಡವರ ಬಳಿ ಹಣವಿಲ್ಲ. ನಮ್ಮ ಚಿಕ್ಕಪೇಟೆಯ ಯಾವ ಸಗಟು ವ್ಯಾಪಾರಿಗಾದರೂ ಇದನ್ನು ಹೇಳಿಕೊಡಬೇಕಾಗಿಲ್ಲ. ಇನ್ನೊಂದನ್ನೂ ಗಮನಿಸಿ: ಉತ್ತರದ ಉದ್ದ. ನೇರ ಪ್ರಶ್ನೆಗೆ ಅರ್ಧ ಪುಟದ ಸುತ್ತುಮಾತು ಬಂದರೆ, ಮುಂದಿನ ಮೂರು ತಿಂಗಳ ಪ್ರತಿಯಲ್ಲಿ ಅದೇ ಪ್ರಶ್ನೆ ಏನಾಯಿತು ಎಂದು ಹುಡುಕಿ. ಒಂದೇ ಕಂಪನಿಯ ಎಂಟು ಪ್ರತಿಗಳನ್ನು, ಅಂದರೆ ಎರಡು ವರ್ಷದ ಮಾತನ್ನು, ಸಾಲಾಗಿ ಓದಿದರೆ ಯಾವ ಮಾತು ನಡೆಯಿತು, ಯಾವುದು ಗಾಳಿಗೆ ಹೋಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಹತ್ತಾರು ಸಾವಿರ ಕೊಟ್ಟು ಸೇರುವ ಕೋರ್ಸ್‌ಗಿಂತ ಇದು ಮೇಲು ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಒಂದೇ ಒಂದು ಷೇರು ಇದ್ದರೂ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಕೋವಿಡ್ ನಂತರ ಬಹುತೇಕ ದೊಡ್ಡ ಕಂಪನಿಗಳು ಸಭೆಯನ್ನು ವಿಡಿಯೊದಲ್ಲೇ ನಡೆಸುತ್ತಿವೆ. ಮುಂಚಿತವಾಗಿ ಹೆಸರು ನೋಂದಾಯಿಸಿದರೆ ಮಾತನಾಡಬಹುದು. ಮಾತನಾಡುವವರಲ್ಲಿ ಅರ್ಧ ಜನ ಅಧ್ಯಕ್ಷರನ್ನು ಹೊಗಳುವುದರಲ್ಲೇ ತಮ್ಮ ಸಮಯ ಮುಗಿಸುತ್ತಾರೆ. ಅದೂ ಒಂದು ಮನರಂಜನೆ ಎಂದುಕೊಂಡು ಕುಳಿತಿರಿ, ನಡುವೆ ಒಂದೆರಡು ಗಟ್ಟಿ ಪ್ರಶ್ನೆ ಬಂದೇ ಬರುತ್ತವೆ.

ದೊಡ್ಡವರು ಸಣ್ಣವರಿಗೆ ಉತ್ತರ ಕೊಡುತ್ತಾರೆಯೇ ಎಂಬ ಅಳುಕು ನಮ್ಮಲ್ಲಿ ಜಾಸ್ತಿ. 1951ರ ಜನವರಿಯ ಒಂದು ಶನಿವಾರ ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬ ನ್ಯೂಯಾರ್ಕ್‌ನಿಂದ ರೈಲು ಹತ್ತಿ ವಾಷಿಂಗ್ಟನ್‌ಗೆ ಹೋದ. ತನ್ನ ಗುರು ಬೆಂಜಮಿನ್ ಗ್ರಹಾಂ ಅಧ್ಯಕ್ಷರಾಗಿದ್ದ ಗೈಕೋ ಎಂಬ ವಿಮಾ ಕಂಪನಿಯ ಬಾಗಿಲು ಬಡಿದ. ರಜೆಯ ದಿನ, ಬಾಗಿಲು ಹಾಕಿತ್ತು. ಕಟ್ಟಡ ನೋಡಿಕೊಳ್ಳುವವನು ಬಂದು ತೆರೆದ. ಮಹಡಿಯ ಮೇಲೆ ಒಬ್ಬರು ಕೆಲಸ ಮಾಡುತ್ತಿದ್ದಾರೆ ಎಂದ. ಆ ಒಬ್ಬರು ಲೋರಿಮರ್ ಡೇವಿಡ್‌ಸನ್, ಮುಂದೆ ಆ ಕಂಪನಿಯ ಮುಖ್ಯಸ್ಥರಾದವರು. ಹುಡುಗ ವಾರನ್ ಬಫೆಟ್, ಮುಂದೆ ಜಗತ್ಪ್ರಸಿದ್ಧ ಹೂಡಿಕೆದಾರರಾದವರು. ಡೇವಿಡ್‌ಸನ್ ನಾಲ್ಕು ಗಂಟೆ ಕೂತು ಉತ್ತರ ಕೊಟ್ಟರು. ಬಫೆಟ್ ಹೆಸರು ಕೇಳಿದ ಕೂಡಲೇ ‘ಅವರೆಲ್ಲಿ, ನಾವೆಲ್ಲಿ’ ಎನ್ನಬೇಡಿ. ಅಂದು ಅವರು ಯಾರೂ ಆಗಿರಲಿಲ್ಲ. ನಾಲ್ಕು ಗಂಟೆ ಸಿಕ್ಕಿದ್ದು ಮುಖ ನೋಡಿ ಅಲ್ಲ. ವಿಮೆಯ ವ್ಯವಹಾರ ಹೇಗೆ ನಡೆಯುತ್ತದೆ, ಏಜೆಂಟರಿಲ್ಲದೆ ನೇರವಾಗಿ ಮಾರುವ ಈ ಕಂಪನಿಯ ಖರ್ಚು ಉಳಿದವರಿಗಿಂತ ಏಕೆ ಕಡಿಮೆ ಎಂಬುದರ ಸುತ್ತ ಮಾತು ನಡೆಯಿತು. ‘ನಿಮ್ಮ ಷೇರು ಏರುತ್ತದೆಯೇ?’ ಎಂದು ಕೇಳಿದ್ದರೆ ಡೇವಿಡ್‌ಸನ್ ಐದು ನಿಮಿಷದಲ್ಲಿ ಕೋಟು ಹಾಕಿಕೊಂಡು ಮನೆಗೆ ಹೊರಡುತ್ತಿದ್ದರು.

ಇದುವರೆಗೆ ಹೂಡಿಕೆಯ ಮಾತಾಯಿತು. ಟ್ರೇಡಿಂಗ್, ಅಂದರೆ ಬೇಗ ಬೇಗ ಕೊಂಡು ಮಾರುವುದನ್ನು, ಕಲಿಯಲು ಬಂದವರು ಹಿಂದಿನ ಸಾಲಿನಲ್ಲಿ ಕೂತು ಕೈಗಡಿಯಾರ ನೋಡುತ್ತಿದ್ದೀರಿ, ಕಾಣುತ್ತಿದೆ. ನೀವು ಕೇಳಬೇಕಾದ ಮೊದಲ ಪ್ರಶ್ನೆ: ನನ್ನ ಎದುರು ಯಾರಿದ್ದಾರೆ? ಆಪ್ಷನ್ ಎಂದರೆ ಮುಂದೊಂದು ದಿನ ಇಂತಿಷ್ಟು ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು. ನೀವು ಕೊಂಡ ಪ್ರತಿ ಆಪ್ಷನ್ ಅನ್ನು ಯಾರೋ ಮಾರಿರುತ್ತಾರೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನದ ವಹಿವಾಟಿಗೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಕಂಡರು. ಒಟ್ಟು ನಷ್ಟ ₹1.8 ಲಕ್ಷ ಕೋಟಿ ದಾಟಿತು. ವೆಚ್ಚ ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ನೂರಕ್ಕೆ ಒಬ್ಬರು. ಮೂರನೆಯ ವರ್ಷದಲ್ಲಿ ಸ್ವಂತ ಹಣದಿಂದ ವಹಿವಾಟು ಮಾಡುವ ಸಂಸ್ಥೆಗಳು ಸುಮಾರು ₹33,000 ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳು ಸುಮಾರು ₹28,000 ಕೋಟಿ ಗಳಿಸಿದವು. ಅದರ ಬಹುಪಾಲು ಬಂದದ್ದು ಕಂಪ್ಯೂಟರ್ ತಾನೇ ಆರ್ಡರ್ ಹಾಕುವ ಅಲ್ಗೊ ವಹಿವಾಟಿನಿಂದ. ನಿಮ್ಮ ಎದುರಿಗಿರುವುದು ಇನ್ನೊಬ್ಬ ಹುಡುಗನಲ್ಲ, ಆ ಯಂತ್ರ.

ಎರಡನೆಯದು ಖರ್ಚು. ಆ ಮೂರು ವರ್ಷಗಳಲ್ಲಿ ವ್ಯಕ್ತಿಗಳು ವಹಿವಾಟಿನ ವೆಚ್ಚವಾಗಿಯೇ ಸುಮಾರು ₹50,000 ಕೋಟಿ ತೆತ್ತರು. ನಂಬಿಕೆ ಬರದಿದ್ದರೆ ಇಲ್ಲೇ ಲೆಕ್ಕ ಹಾಕೋಣ. ಆರ್ಡರ್‌ಗೆ ₹20 ಬ್ರೋಕರೇಜ್ ಎಂದರೆ ಅಗ್ಗ ಎನಿಸುತ್ತದೆ. ಕೊಳ್ಳಲು 20, ಮಾರಲು 20, ಅದರ ಮೇಲೆ ಶೇ 18 ಜಿಎಸ್‌ಟಿ. ಒಂದು ಸುತ್ತಿಗೆ ₹47.20. ದಿನಕ್ಕೆ ಹತ್ತು ಸುತ್ತು ಹೊಡೆದರೆ ₹472. ತಿಂಗಳಿಗೆ ಇಪ್ಪತ್ತು ದಿನ ಪೇಟೆ ತೆರೆದಿದ್ದರೆ ₹9,440. ಬಂಡವಾಳ ಒಂದು ಲಕ್ಷವಾಗಿದ್ದರೆ ನೂರಕ್ಕೆ ಒಂಬತ್ತೂವರೆಯಷ್ಟು ಪ್ರತಿ ತಿಂಗಳು ಬ್ರೋಕರೇಜ್‌ಗೇ ಹೋಯಿತು. ಎಸ್‌ಟಿಟಿ ಎಂಬ ವಹಿವಾಟು ತೆರಿಗೆ, ಎಕ್ಸ್‌ಚೇಂಜ್ ಶುಲ್ಕ, ಮುದ್ರಾಂಕ ಶುಲ್ಕವನ್ನು ನಾನಿನ್ನೂ ಮುಟ್ಟಿಲ್ಲ. ಇದೆಲ್ಲವೂ ರಾತ್ರಿ ಇಮೇಲ್‌ಗೆ ಬರುವ ಕಾಂಟ್ರಾಕ್ಟ್ ನೋಟ್ ಎಂಬ ದಿನದ ವಹಿವಾಟಿನ ಬಿಲ್ಲಿನಲ್ಲಿ ಸಾಲುಸಾಲಾಗಿ ಇರುತ್ತದೆ. ನಾನು ಬ್ಯಾಕ್ ಆಫೀಸಿನಲ್ಲಿದ್ದ ಅಷ್ಟೂ ವರ್ಷಗಳಲ್ಲಿ ಟಿಪ್ಸ್ ಕೇಳಿ ಫೋನ್ ಮಾಡಿದವರಿಗೆ ಲೆಕ್ಕವಿಲ್ಲ. ಕಾಂಟ್ರಾಕ್ಟ್ ನೋಟ್‌ನ ಒಂದು ಸಾಲು ಅರ್ಥವಾಗಲಿಲ್ಲ ಎಂದು ಫೋನ್ ಮಾಡಿದವರು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯವರು ಬಹುಕಾಲ ಗ್ರಾಹಕರಾಗಿಯೇ ಉಳಿದರು, ಉಳಿದವರ ಖಾತೆಗಳು ಒಂದೊಂದಾಗಿ ನಿಶ್ಚಲವಾದವು.

ಟ್ರೇಡಿಂಗ್ ಮಾಡಲೇಬೇಡಿ ಎನ್ನುವ ಅಧಿಕಾರ ನನಗಿಲ್ಲ. ಆದರೆ ಕಲಿಸುತ್ತೇನೆ ಎನ್ನುವವರು ಗೆಲ್ಲುವ ದಿನದ ಬಗ್ಗೆ ಗಂಟೆಗಟ್ಟಲೆ ಮಾತನಾಡಿದರೆ ಅಡ್ಡ ಬಾಯಿ ಹಾಕಿ: ‘ಸತತ ಹತ್ತು ಸಲ ಸೋತರೆ ನನ್ನ ಬಂಡವಾಳದಲ್ಲಿ ಎಷ್ಟು ಉಳಿದಿರುತ್ತದೆ? ಪ್ರತಿ ವಹಿವಾಟಿಗೆ ಎಷ್ಟು ಕಳೆದುಕೊಳ್ಳಲು ಸಿದ್ಧವಿರಬೇಕು?’ ಇದಕ್ಕೆ ಅಂಕಿಯಲ್ಲಿ ಉತ್ತರ ಕೊಡದೆ ‘ಮೈಂಡ್‌ಸೆಟ್ ಮುಖ್ಯ’ ಎಂದು ಶುರು ಮಾಡಿದರೆ ಚೀಲ ಎತ್ತಿಕೊಂಡು ಎದ್ದುಬನ್ನಿ.

ನನ್ನ ಮಾತು ಇಷ್ಟು. ಈಗ ನೀವು ಕೇಳಿ.

ಒಬ್ಬ ವಿದ್ಯಾರ್ಥಿನಿ: ಸರ್, ಇದನ್ನೆಲ್ಲ ಈಗ ಎಐ ಚಾಟ್‌ಬಾಟ್‌ಗೆ ಕೇಳಬಹುದಲ್ಲ?

ಅರ್ಥ ಕೇಳಲು ಧಾರಾಳವಾಗಿ ಬಳಸಿ ತಾಯಿ. ಬಾಕಿ ಎಂದರೇನು, ಸವಕಳಿ ಎಂದರೇನು ಎಂದು ನೂರು ಸಲ ಕೇಳಿದರೂ ಅದು ಬೇಸರಪಡುವುದಿಲ್ಲ. ಮನುಷ್ಯರನ್ನು ಕೇಳಲು ನಾಚಿಕೆಯಾಗುವ ಪ್ರಶ್ನೆಗಳಿಗೆ ಒಳ್ಳೆಯದು. ಆದರೆ ಅದು ಅಂಕಿ ಕೊಟ್ಟರೆ, ಕಂಪನಿ ಎಕ್ಸ್‌ಚೇಂಜ್‌ಗೆ ಸಲ್ಲಿಸಿದ ದಾಖಲೆಯಲ್ಲಿ ತಾಳೆ ನೋಡಿ. ತಪ್ಪು ಸಂಖ್ಯೆಯನ್ನೂ ಅದು ಅಷ್ಟೇ ಧೈರ್ಯದಿಂದ ಹೇಳುತ್ತದೆ.

ಒಬ್ಬ ನಿವೃತ್ತ ಅಧ್ಯಾಪಕರು: ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಿದ ಆ್ಯಪ್‌ಗೆ ನನ್ನ ಸ್ನೇಹಿತರು ಹಣ ಕಳಿಸಿದ್ದಾರೆ. ಲಾಭ ತೋರಿಸುತ್ತಿದೆ, ತೆಗೆಯಲು ಹೋದರೆ ‘ತೆರಿಗೆ ಕಟ್ಟಿ’ ಎನ್ನುತ್ತಿದ್ದಾರಂತೆ.

ಇನ್ನೊಂದು ರೂಪಾಯಿ ಕಳಿಸದಂತೆ ಈಗಲೇ ಫೋನ್ ಮಾಡಿ ಹೇಳಿ ಮೇಷ್ಟ್ರೇ. ಲಾಭ ತೆಗೆಯಲು ಮುಂಗಡ ತೆರಿಗೆ ಕೇಳುವ ಬ್ರೋಕರ್ ಈ ದೇಶದಲ್ಲಿಲ್ಲ. ಪರದೆಯ ಮೇಲಿನ ಅಂಕಿ ಅವರೇ ಟೈಪ್ ಮಾಡಿದ್ದು. 1930ಕ್ಕೆ ಕರೆ ಮಾಡಿ ಸೈಬರ್ ಅಪರಾಧ ದೂರು ಕೊಡಲಿ, ಬ್ಯಾಂಕಿಗೂ ತಿಳಿಸಲಿ. ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ, ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯಲು ಸಾಧ್ಯವಾಗಬಹುದು. ಮುಂದೆ ಹಣ ಕಳಿಸುವವರು ಯುಪಿಐ ವಿಳಾಸ ನೋಡಲಿ. 2025ರ ಅಕ್ಟೋಬರ್‌ನಿಂದ ಸೆಬಿ ನೋಂದಾಯಿತ ಬ್ರೋಕರ್ ಮತ್ತು ಫಂಡ್‌ಗಳಿಗೆ ‘@’ ಗುರುತಿನ ನಂತರ ‘ವ್ಯಾಲಿಡ್’ ಎಂಬ ಪದ, ಅದಕ್ಕೆ ಅಂಟಿಕೊಂಡು ಬ್ಯಾಂಕಿನ ಹೆಸರು ಇರುವ ವಿಳಾಸ ಬಂದಿದೆ.

ಒಬ್ಬ ತಾಯಿ: ನನ್ನ ಮಗ ಆಪ್ಷನ್ ಮಾಡುತ್ತಾನೆ. ಎಷ್ಟು ಹೋಯಿತು ಎಂದು ಕೇಳಿದರೆ ರೇಗುತ್ತಾನೆ. ಹೇಗೆ ಕೇಳಲಿ?

ಎಷ್ಟು ಹೋಯಿತು ಎಂದು ಕೇಳಬೇಡಿ ಅಮ್ಮ, ಆ ಪ್ರಶ್ನೆಗೆ ಯಾರೂ ನಿಜ ಹೇಳುವುದಿಲ್ಲ. ‘ನಷ್ಟವನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿದ್ದೀಯಾ?’ ಎಂದು ಕೇಳಿ. ಆಪ್ಷನ್‌ನ ಲಾಭ ನಷ್ಟವನ್ನು ವ್ಯವಹಾರದ ಆದಾಯ ಎಂದು ತೋರಿಸಬೇಕು. ಗಡುವಿನೊಳಗೆ ಸಲ್ಲಿಸಿದರೆ, ಹೊಂದಿಸಿಕೊಳ್ಳದೆ ಉಳಿದ ನಷ್ಟವನ್ನು ಮುಂದಿನ 8 ವರ್ಷಗಳ ವ್ಯವಹಾರದ ಲಾಭದ ಎದುರು ಹೊಂದಿಸಿಕೊಳ್ಳಬಹುದು. ಇದರಲ್ಲಿ ಅವನಿಗೂ ಲಾಭವಿದೆ, ಹಾಗಾಗಿ ರೇಗುವ ಕಾರಣ ಕಡಿಮೆ. ರಿಟರ್ನ್ಸ್ ಸಲ್ಲಿಸಲು ಅವನು ಬ್ರೋಕರ್ ಆ್ಯಪ್‌ನಿಂದ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲಾಭ–ನಷ್ಟದ ವರದಿಯನ್ನು ಇಳಿಸಿಕೊಳ್ಳಲೇಬೇಕು. ಅದನ್ನು ಮನೆಯ ಲೆಕ್ಕಪತ್ರ ನೋಡುವ ಆಡಿಟರ್ ಎದುರು ಇಬ್ಬರೂ ಕೂತು ನೋಡಿ. ವರ್ಷದ ಒಟ್ಟು ಮೊತ್ತವನ್ನು ಎಷ್ಟೋ ಹುಡುಗರು ತಾವೂ ಮೊದಲ ಬಾರಿಗೆ ನೋಡುವುದು ಅಲ್ಲೇ. ಸಾಲ ಮಾಡಿ ಆಡುತ್ತಿದ್ದಾನೆ ಎಂಬ ಸುಳಿವು ಸಿಕ್ಕರೆ ಮಾತ್ರ ರಿಟರ್ನ್ಸ್‌ವರೆಗೆ ಕಾಯಬೇಡಿ, ಅಂದೇ ಕೂರಿಸಿ ಮಾತನಾಡಿ.

ಅವರು ಕೇಳಿದರು: ಅದಕ್ಕೆ ಯಾವ ಫಾರ್ಮ್?

ಸಾಮಾನ್ಯವಾಗಿ ಐಟಿಆರ್–3. ಸಂಬಳದವರು ತುಂಬುವ ಐಟಿಆರ್–1 ಇದಕ್ಕೆ ನಡೆಯುವುದಿಲ್ಲ.